ಟ್ಯೂಬ್‌ಲೈಟ್ ಹೋಯಿತು, ಚೋಕ್ ಸಿಗುತ್ತಿಲ್ಲ: ಆ ಜಾಗಕ್ಕೆ ಏನು ಹಾಕಬೇಕು?

ಹೋದ ತಿಂಗಳು ತಿಪಟೂರಿನಲ್ಲಿ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಅಡುಗೆಮನೆಯ ಟ್ಯೂಬ್‌ಲೈಟ್ ಎರಡು ದಿನದಿಂದ ಮಿಣಮಿಣ ಅನ್ನುತ್ತಿತ್ತು. ಎರಡೂ ತುದಿ ಕಪ್ಪಾಗಿತ್ತು. ಸ್ಟಾರ್ಟರ್ ಬಿಚ್ಚಿ ಮತ್ತೆ ತಿರುಗಿಸಿದೆ, ಟ್ಯೂಬನ್ನು ಅರ್ಧ ಸುತ್ತು ಹೊರಳಿಸಿದೆ, ಊಹೂಂ. ಮೇನ್ ಆಫ್ ಮಾಡಿ ಟ್ಯೂಬ್ ಕೂರಿಸುವ ಪಟ್ಟಿಯ ಮುಚ್ಚಳ ತೆಗೆದು ನೋಡಿದರೆ ಒಳಗಿನ ಚೋಕ್ (ಟ್ಯೂಬಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ತಾಮ್ರದ ಸುರುಳಿ) ಮುಟ್ಟಲಾಗದಷ್ಟು ಬಿಸಿ, ಸುಟ್ಟ ವಾಸನೆ ಬೇರೆ. ಸರಿ, ಒಂದು ಚೋಕ್ ತರೋಣ ಅಂತ ಪೇಟೆಗೆ ಹೋದೆ.

"ಚೋಕ್ ಈಗ ತರಿಸ್ತಾ ಇಲ್ಲ ಸಾರ್, ಕೇಳೋರೇ ಇಲ್ಲ. ಪಟ್ಟಿ ಸಮೇತ ತೆಗೆದು ಎಲ್‌ಇಡಿ ಹಾಕಿಸ್ಬಿಡಿ" ಅಂದರು ಅಂಗಡಿಯವರು. ಅಷ್ಟು ಹೇಳಿ ಆರು ಥರದ ಎಲ್‌ಇಡಿ ಟ್ಯೂಬ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದಕ್ಕೆ ₹150, ಇನ್ನೊಂದಕ್ಕೆ ₹400. ಏನು ವ್ಯತ್ಯಾಸ ಅಂತ ಕೇಳಿದೆ. "ಎಲ್ಲಾ ಒಂದೇ ಸಾರ್, ಕಂಪನಿ ಬೇರೆ ಅಷ್ಟೆ" ಅಂದರು.

ಎಲ್ಲಾ ಒಂದೇ ಅಲ್ಲ. ಈ ಲೇಖನ ಬರೆಯುತ್ತಿರುವುದೇ ಅದನ್ನು ಹೇಳುವುದಕ್ಕೆ. ಬುರುಡೆ ಬಲ್ಬು (ಒಳಗೆ ತಂತಿ ಕಾದು ಉರಿಯುವುದು), ಸಿಎಫ್‌ಎಲ್ (ಮಡಚಿದ ಪುಟ್ಟ ಟ್ಯೂಬಿನ ಬಲ್ಬು), ಟ್ಯೂಬ್‌ಲೈಟ್, ಎಲ್‌ಇಡಿ ಇವುಗಳಲ್ಲಿ ಯಾವುದು ಒಳ್ಳೆಯದು ಅನ್ನುವ ಚರ್ಚೆ ಹೆಚ್ಚು ಕಡಿಮೆ ಮುಗಿದಿದೆ, ಎಲ್‌ಇಡಿ ಗೆದ್ದಿದೆ. ಯಾವ ಎಲ್‌ಇಡಿ, ಎಲ್ಲಿ, ಎಷ್ಟು ಅನ್ನುವುದನ್ನು ಮಾತ್ರ ಯಾರೂ ಕೇಳುತ್ತಿಲ್ಲ, ಯಾರೂ ಹೇಳುತ್ತಲೂ ಇಲ್ಲ. ಉಳಿಸಿದ ದುಡ್ಡು ಸೋರಿ ಹೋಗುತ್ತಿರುವುದು ಅಲ್ಲಿಯೇ.

ಮೊದಲು ಟ್ಯೂಬ್‌ಲೈಟ್ ಯಾಕೆ ಹೋಗುತ್ತಿದೆ ಅನ್ನುವುದನ್ನು ನೋಡೋಣ. ಕೇಳುವವರಿಲ್ಲ ಅನ್ನುವುದು ಒಂದು ಕಾರಣ, ನಿಜ. ಇನ್ನೊಂದು ಕಾರಣ ಪಾದರಸ. ಟ್ಯೂಬ್‌ಲೈಟ್ ಒಳಗೂ ಸಿಎಫ್‌ಎಲ್ ಒಳಗೂ ಒಂದಿಷ್ಟು ಪಾದರಸ ಇರಲೇಬೇಕು, ಅದಿಲ್ಲದೆ ಅವು ಉರಿಯುವುದೇ ಇಲ್ಲ. ಜಪಾನಿನ ಮಿನಾಮಾಟಾ ಎಂಬ ಊರಲ್ಲಿ ಕಾರ್ಖಾನೆಯ ಪಾದರಸ ಸಮುದ್ರ ಸೇರಿ, ಅಲ್ಲಿನ ಮೀನು ತಿಂದ ಸಾವಿರಾರು ಜನ ನರಳಿದರು, ತುಂಬಾ ಜನ ಸತ್ತರು. ಪಾದರಸದ ಬಳಕೆ ನಿಲ್ಲಿಸಲು ದೇಶಗಳು ಮಾಡಿಕೊಂಡ ಒಪ್ಪಂದಕ್ಕೆ ಆ ಊರಿನ ಹೆಸರನ್ನೇ ಇಟ್ಟಿದ್ದಾರೆ. ಭಾರತ ಅದಕ್ಕೆ 2018ರಲ್ಲಿ ಸೇರಿತು. ಮನೆಯಲ್ಲಿ ಬಳಸುವ ಸಿಎಫ್‌ಎಲ್‌ಗೆ 2025ರ ಗಡುವು ಹಾಕಬೇಕು ಅಂತ 2022ರ ಸಭೆಯಲ್ಲಿ ತೀರ್ಮಾನ ಆಯಿತು. 2023ರಲ್ಲಿ ಜಿನೀವಾದಲ್ಲಿ ನಡೆದ ಸಭೆಯಲ್ಲಿ ಉದ್ದ ಟ್ಯೂಬ್‌ಗಳ ಸರದಿ ಬಂತು, 2027ರ ಹೊತ್ತಿಗೆ ಅವೂ ಹೋಗಬೇಕು. ಯುರೋಪಿನಲ್ಲಿ 2023ರ ಆಗಸ್ಟ್‌ನಲ್ಲೇ ಮಾಮೂಲಿ ಟ್ಯೂಬ್‌ಗಳಿಗೆ ಬಾಗಿಲು ಹಾಕಿದ್ದಾರೆ.

ಅಂದರೆ ಇವತ್ತಲ್ಲ ನಾಳೆ ಎಲ್ಲರ ಮನೆಯಲ್ಲೂ ಆ ಹಳೆಯ ಪಟ್ಟಿ ಕೆಳಗಿಳಿಯುತ್ತದೆ. ಇಳಿಸುವಾಗ ಸರಿಯಾಗಿ ಲೆಕ್ಕ ಹಾಕೋಣ.

ನಮ್ಮಲ್ಲಿ ಬಲ್ಬನ್ನು ವ್ಯಾಟ್ ನೋಡಿ ತರುವ ಅಭ್ಯಾಸ. ಇನ್ನೂ ಹಿಂದಿನವರು "ಅರವತ್ತು ಕ್ಯಾಂಡಲ್ ಬಲ್ಬು ಕೊಡಿ" ಅಂತ ಕೇಳುತ್ತಿದ್ದರು. ವ್ಯಾಟ್ ಅಂದರೆ ಬಲ್ಬು ತಿನ್ನುವ ಕರೆಂಟು. ಅದು ಕೊಡುವ ಬೆಳಕಿಗೆ ಲ್ಯೂಮೆನ್ ಅಂತ ಬೇರೆ ಅಳತೆ ಇದೆ. ಹಸು ಎಷ್ಟು ಹಿಂಡಿ ತಿಂತು ಅಂತ ಮಾತ್ರ ನೋಡಿ, ಎಷ್ಟು ಹಾಲು ಕೊಟ್ಟಿತು ಅಂತ ನೋಡದೇ ಇರುತ್ತೇವಾ? ಬುರುಡೆ ಬಲ್ಬಿನ ಕಾಲದಲ್ಲಿ ಎಲ್ಲ ಬಲ್ಬೂ ಹೆಚ್ಚು ಕಡಿಮೆ ಒಂದೇ ಥರ ಇದ್ದವು, ವ್ಯಾಟ್ ನೋಡಿದರೆ ಬೆಳಕು ಗೊತ್ತಾಗುತ್ತಿತ್ತು. ಈಗ ಗೊತ್ತಾಗುವುದಿಲ್ಲ. 60 ವ್ಯಾಟಿನ ಬುರುಡೆ ಬಲ್ಬು ಸುಮಾರು 700 ಲ್ಯೂಮೆನ್ ಕೊಡುತ್ತದೆ. 14 ವ್ಯಾಟಿನ ಸಿಎಫ್‌ಎಲ್ 800ರ ಆಸುಪಾಸು. ಒಳ್ಳೆಯ 9 ವ್ಯಾಟಿನ ಎಲ್‌ಇಡಿ 900ರ ಹತ್ತಿರ ಬರುತ್ತದೆ. ಅದೇ 9 ವ್ಯಾಟ್ ಅಂತ ಬರೆದ ಕಳಪೆ ಎಲ್‌ಇಡಿ ಅದಕ್ಕಿಂತ ಎಷ್ಟೋ ಕಡಿಮೆ ಬೆಳಕು ಕೊಟ್ಟರೂ ಡಬ್ಬದ ಮೇಲೆ ಲ್ಯೂಮೆನ್ ನೋಡದಿದ್ದರೆ ನಮಗೆ ಗೊತ್ತಾಗುವುದೇ ಇಲ್ಲ.

ದುಡ್ಡಿನ ಲೆಕ್ಕಕ್ಕೆ ಬರೋಣ. ಯೂನಿಟ್‌ಗೆ ₹6 ಅಂತ ಇಟ್ಟುಕೊಳ್ಳಿ, ದಿನಕ್ಕೆ 5 ಗಂಟೆ ಉರಿಯುತ್ತದೆ ಅಂತ ಇಟ್ಟುಕೊಳ್ಳಿ. 60 ವ್ಯಾಟಿನ ಬುರುಡೆ ಬಲ್ಬು ವರ್ಷಕ್ಕೆ 110 ಯೂನಿಟ್ ತಿನ್ನುತ್ತದೆ, ಸುಮಾರು ₹660. ಸಿಎಫ್‌ಎಲ್ 26 ಯೂನಿಟ್, ₹150. ಎಲ್‌ಇಡಿ 16 ಯೂನಿಟ್, ₹100ಕ್ಕಿಂತ ಸ್ವಲ್ಪ ಕಡಿಮೆ. ಈ ಮೂರು ಅಂಕಿಗಳನ್ನು ಸುಮ್ನೆ ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ. ಬುರುಡೆ ಬಲ್ಬಿನಿಂದ ಸಿಎಫ್‌ಎಲ್‌ಗೆ ಬಂದಾಗಲೇ ದೊಡ್ಡ ಉಳಿತಾಯ ಆಗಿಹೋಗಿದೆ. ಸಿಎಫ್‌ಎಲ್‌ನಿಂದ ಎಲ್‌ಇಡಿಗೆ ಬಂದರೆ ವರ್ಷಕ್ಕೆ ಉಳಿಯುವುದು ಐವತ್ತು ಚಿಲ್ಲರೆ ರೂಪಾಯಿ ಮಾತ್ರ. ಹಾಗಾಗಿ ಮನೆಯಲ್ಲಿ ಚೆನ್ನಾಗಿ ಉರಿಯುತ್ತಿರುವ ಸಿಎಫ್‌ಎಲ್ ಇದ್ದರೆ, ಅದನ್ನು ಕಿತ್ತು ಎಸೆದು ಎಲ್‌ಇಡಿ ಹಾಕುವ ಅವಸರ ಬೇಡ. ಅದು ತಾನಾಗಿ ಹೋಗಲಿ, ಆಮೇಲೆ ಹಾಕಿ.

ಅವಸರ ಮಾಡಬೇಕಾದ ಜಾಗ ಬೇರೆ ಇದೆ. ಮೊದಲನೆಯದು ಝೀರೋ ಬಲ್ಬು. ಹೆಸರು ಝೀರೋ, ಆದರೆ ತಿನ್ನುವುದು 12ರಿಂದ 15 ವ್ಯಾಟ್. ದೇವರಕೋಣೆಯಲ್ಲೋ ಮಲಗುವ ಕೋಣೆಯಲ್ಲೋ ಬಣ್ಣದ ಝೀರೋ ಬಲ್ಬನ್ನು ರಾತ್ರಿ ಪೂರ್ತಿ ಉರಿಸುವ ಮನೆಗಳು ಇನ್ನೂ ಎಷ್ಟೋ ಇವೆ. 15 ವ್ಯಾಟ್, ರಾತ್ರಿಗೆ 10 ಗಂಟೆ ಅಂದರೆ ವರ್ಷಕ್ಕೆ 55 ಯೂನಿಟ್ ಆಯಿತು. ಹಾಲ್‌ನಲ್ಲಿ ಸಂಜೆ ಹೊತ್ತು ಉರಿಯುವ ಮೂರು ಎಲ್‌ಇಡಿ ಬಲ್ಬು ಸೇರಿದರೂ ಅಷ್ಟು ಆಗುವುದಿಲ್ಲ! ಅರ್ಧ ವ್ಯಾಟಿನ ಎಲ್‌ಇಡಿ ನೈಟ್‌ಲ್ಯಾಂಪ್ ಹಾಕಿದರೆ ಅದೇ ಕೆಲಸಕ್ಕೆ ವರ್ಷಕ್ಕೆ ಎರಡು ಯೂನಿಟ್ ಸಾಕು.

ಎರಡನೆಯದು ಚಿಕ್ಕಮ್ಮನ ಮನೆಯಲ್ಲಿ ಸುಟ್ಟುಹೋಯಿತಲ್ಲ, ಅಂಥ ತಾಮ್ರದ ಚೋಕ್ ಇರುವ ದಪ್ಪ ಟ್ಯೂಬ್‌ಲೈಟ್. ಟ್ಯೂಬಿನ ಮೇಲೆ 40 ವ್ಯಾಟ್ ಅಂತ ಬರೆದಿರುತ್ತದೆ, ಆದರೆ ಚೋಕ್ ತಾನೂ ಬಿಸಿಯಾಗುತ್ತಾ 10ರಿಂದ 15 ವ್ಯಾಟ್ ತಿನ್ನುತ್ತದೆ. ಎರಡೂ ಸೇರಿ ಮೀಟರಿನಲ್ಲಿ ಓಡುವುದು 52 ವ್ಯಾಟ್ ಆಸುಪಾಸು. ಅದರ ಜಾಗಕ್ಕೆ 20 ವ್ಯಾಟಿನ ಒಳ್ಳೆಯ ಎಲ್‌ಇಡಿ ಟ್ಯೂಬ್ ಹಾಕಿದರೆ, ದಿನಕ್ಕೆ 5 ಗಂಟೆಯ ಲೆಕ್ಕದಲ್ಲಿ ವರ್ಷಕ್ಕೆ 58 ಯೂನಿಟ್, ಅಂದರೆ ₹350 ಉಳಿಯುತ್ತದೆ. ಎಲ್‌ಇಡಿ ಟ್ಯೂಬಿಗೆ ಕೊಟ್ಟ ದುಡ್ಡು ಒಂದೇ ವರ್ಷದ ಸುಮಾರಿಗೆ ವಾಪಸ್ ಬಂತು. ಎಲ್‌ಇಡಿಯ ಬೆಳಕು 2,000 ಲ್ಯೂಮೆನ್, ಟ್ಯೂಬ್‌ಲೈಟ್‌ನದು 2,500ರ ಹತ್ತಿರ, ಕಡಿಮೆ ಆಗುವುದಿಲ್ಲವೇ ಅಂತ ಕೇಳಬಹುದು. ಟ್ಯೂಬ್‌ಲೈಟ್ ಸುತ್ತಲೂ ಬೆಳಕು ಚೆಲ್ಲುತ್ತದೆ, ಅದರ ಒಂದು ಪಾಲು ಪಟ್ಟಿಗೆ, ಗೋಡೆಗೆ, ಸೂರಿಗೆ ಹೋಗುತ್ತದೆ. ಎಲ್‌ಇಡಿ ಮುಂದಕ್ಕೆ ಮಾತ್ರ ಬಿಡುತ್ತದೆ. ಕೆಳಗೆ ತರಕಾರಿ ಹೆಚ್ಚುವವರಿಗೆ ವ್ಯತ್ಯಾಸ ಕಾಣುವುದಿಲ್ಲ.

ಇದರಲ್ಲಿ ಒಂದು ಮಾತು ಬಿಟ್ಟುಹೋಗಬಾರದು. ತೆಳ್ಳಗಿನ ಟಿ5 ಟ್ಯೂಬ್ ಅಂತ ಬರುತ್ತಿತ್ತಲ್ಲ, ಎಲೆಕ್ಟ್ರಾನಿಕ್ ಚೋಕ್ ಇರುವ 28 ವ್ಯಾಟಿನದು, ಅದು ಕೆಟ್ಟದ್ದಲ್ಲ. ಒಂದು ವ್ಯಾಟಿಗೆ ಎಷ್ಟು ಬೆಳಕು ಅಂತ ನೋಡಿದರೆ ಅದು ಎಲ್‌ಇಡಿಗೆ ತೀರಾ ಹತ್ತಿರ ಇದೆ. ಆಫೀಸು, ಶಾಲೆಗಳಲ್ಲಿ ಟಿ5 ಚೆನ್ನಾಗಿ ಉರಿಯುತ್ತಿದ್ದರೆ ಎಲ್ಲವನ್ನೂ ಒಂದೇ ಸಲ ಕಿತ್ತು ಹಾಕುವುದರಿಂದ ಹೇಳಿಕೊಳ್ಳುವಂಥ ಉಳಿತಾಯ ಇಲ್ಲ.

ನಮ್ಮ ಮನೆಗಳಿಗೆ ಇದೆಲ್ಲ ಬಂದ ಬಗೆಯನ್ನೂ ಸ್ವಲ್ಪ ನೆನಪಿಸಿಕೊಳ್ಳಬೇಕು. ಸಿಎಫ್‌ಎಲ್ ಬಂದ ಹೊಸತರಲ್ಲಿ ದುಬಾರಿ. ಬೆಂಗಳೂರಿನಲ್ಲಿ ಬೆಸ್ಕಾಂನವರು 2004–05ರ ಸುಮಾರಿಗೆ ಅದನ್ನು ಕರೆಂಟ್ ಬಿಲ್ಲಿನ ಜೊತೆ ಕಂತಿನಲ್ಲಿ ಕಟ್ಟುವ ಯೋಜನೆ ತಂದಿದ್ದರು. 2009ರಲ್ಲಿ ಕೇಂದ್ರ ಸರ್ಕಾರ ಬಚತ್ ಲ್ಯಾಂಪ್ ಯೋಜನೆ ಅಂತ ಮಾಡಿ, ಬುರುಡೆ ಬಲ್ಬು ಕೊಟ್ಟರೆ ₹15ಕ್ಕೆ ಸಿಎಫ್‌ಎಲ್ ಕೊಡುವ ವ್ಯವಸ್ಥೆ ಮಾಡಿತು. 2015ರ ಜನವರಿಯಲ್ಲಿ ಅಗ್ಗದ ಬೆಲೆಗೆ ಎಲ್‌ಇಡಿ ಬಲ್ಬು ಹಂಚುವ ಕೇಂದ್ರದ ಉಜಾಲಾ ಯೋಜನೆ ಬಂತು. ನಮ್ಮ ರಾಜ್ಯದಲ್ಲಿ ಅದೇ ವರ್ಷದ ಕೊನೆಗೆ ಅದು 'ಹೊಸ ಬೆಳಕು' ಅನ್ನುವ ಹೆಸರಲ್ಲಿ ಶುರುವಾಯಿತು. ಒಟ್ಟಿಗೆ ಕೋಟಿಗಟ್ಟಲೆ ಬಲ್ಬಿಗೆ ಟೆಂಡರ್ ಕರೆದಿದ್ದರಿಂದ, 2014ರಲ್ಲಿ ₹310 ಇದ್ದ ಖರೀದಿ ಬೆಲೆ 2016ರ ಹೊತ್ತಿಗೆ ₹38ಕ್ಕೆ ಇಳಿಯಿತು. ದೇಶದಲ್ಲಿ 36 ಕೋಟಿಗೂ ಹೆಚ್ಚು ಬಲ್ಬು ಹಂಚಿದರು. ಇದು ನಿಜಕ್ಕೂ ದೊಡ್ಡ ಕೆಲಸ. ಒಂದೇ ಬಲ್ಬಿನ ಸಂಪರ್ಕ ಇದ್ದ ಮನೆಗೂ ಎಲ್‌ಇಡಿ ತಲುಪಿತು.

ಬೆಲೆ ಇಳಿದ ಮೇಲೆ ಮಾರುಕಟ್ಟೆಗೆ ಯಾರು ಯಾರೋ ಬಂದರು. ತೊಂದರೆ ಶುರುವಾಗಿದ್ದು ಆಗ.

ಎಲ್‌ಇಡಿ ಡಬ್ಬದ ಮೇಲೆ 25,000 ಗಂಟೆ ಅಂತ ಬರೆದಿರುತ್ತದೆ. ದಿನಕ್ಕೆ 5 ಗಂಟೆಯಂತೆ ಅದು 13 ವರ್ಷಕ್ಕೂ ಜಾಸ್ತಿ. ನಿಮ್ಮ ಮನೆಯಲ್ಲಿ 13 ವರ್ಷ ಉರಿದ ಎಲ್‌ಇಡಿ ಬಲ್ಬು ಇದೆಯಾ? ನಮ್ಮ ಮನೆಯಲ್ಲಿ ಹೊರಗಡೆಗೆ ಹಾಕಿದ್ದ ಒಂದು 9 ವ್ಯಾಟ್ ಬಲ್ಬು ಹನ್ನೊಂದು ತಿಂಗಳಿಗೆ ಹೋಯಿತು. ಯಾಕೆ ಹೋಯಿತು ಅಂತ ನೋಡಲೇಬೇಕು ಅನ್ನಿಸಿತು. ಹೋಲ್ಡರಿನಿಂದ ತೆಗೆದು, ಬಿಳಿ ಪ್ಲಾಸ್ಟಿಕ್ ಬುರುಡೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಟಕ್ ಅಂತ ಬಿಚ್ಚಿಕೊಂಡಿತು. ಒಳಗೆ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ಅಲ್ಯೂಮಿನಿಯಂ ಬಿಲ್ಲೆ. ಅದರ ಮೇಲೆ ಹಳದಿ ಬಣ್ಣದ ಒಂಬತ್ತು ಪುಟ್ಟ ಚೌಕಗಳು, ಅಕ್ಕಿ ಕಾಳಿನಷ್ಟು. ಎಂಟು ಚೆನ್ನಾಗಿದ್ದವು. ಒಂಬತ್ತನೆಯದರ ಮಧ್ಯೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ. ಅಷ್ಟೇ, ಅದೊಂದು ಸುಟ್ಟಿದ್ದಕ್ಕೆ ಬಲ್ಬೇ ಹೋಗಿತ್ತು. ಯಾಕೆಂದರೆ ಆ ಒಂಬತ್ತೂ ಒಂದರ ಬಾಲ ಒಂದು ಹಿಡಿದ ಹಾಗೆ ಸಾಲಾಗಿ ಜೋಡಿಸಿರುತ್ತಾರೆ. ದೀಪಾವಳಿ ಸೀರಿಯಲ್ ಸೆಟ್‌ನಲ್ಲಿ ಒಂದು ಹೋದರೆ ಸಾಲೆಲ್ಲ ಹೋಗುತ್ತಿತ್ತಲ್ಲ, ಹಾಗೆ.

ಇಲ್ಲಿ ಕೊಂದದ್ದು ಬಿಸಿ. ಎಲ್‌ಇಡಿ ಬಿಸಿಯಾಗುವುದಿಲ್ಲ ಅನ್ನುವುದು ತಪ್ಪು ನಂಬಿಕೆ. ಬುರುಡೆ ಬಲ್ಬು ತಿಂದ ಕರೆಂಟಿನಲ್ಲಿ ನೂರಕ್ಕೆ ಐದು ಪಾಲು ಮಾತ್ರ ಬೆಳಕಾಗಿ, ಉಳಿದದ್ದು ಬಿಸಿಯಾಗಿ ಹೊರಗೆ ಚೆಲ್ಲಿಹೋಗುತ್ತದೆ. ಎಲ್‌ಇಡಿ ಮೂರನೇ ಒಂದು ಪಾಲಿನಷ್ಟನ್ನು ಬೆಳಕು ಮಾಡುತ್ತದೆ, ಅದು ಎಷ್ಟೋ ವಾಸಿ, ಆದರೆ ಉಳಿದ ಬಿಸಿ ಚೆಲ್ಲಿಹೋಗದೆ ಬಲ್ಬಿನ ಕುತ್ತಿಗೆಯಲ್ಲೇ ನಿಲ್ಲುತ್ತದೆ. ಅಲ್ಲೇ ಡ್ರೈವರ್ ಇರುವುದು. 230 ವೋಲ್ಟನ್ನು ಎಲ್‌ಇಡಿಗೆ ಬೇಕಾದ ಹಾಗೆ ಹದ ಮಾಡಿ ಕೊಡುವ ಪುಟ್ಟ ಸರ್ಕ್ಯೂಟು ಅದು. ಒಳಗಿನ ಕೆಪಾಸಿಟರ್ (ಕರೆಂಟನ್ನು ಕ್ಷಣಕಾಲ ಹಿಡಿದಿಡುವ ಭಾಗ) 10 ಡಿಗ್ರಿ ಜಾಸ್ತಿ ಬಿಸಿಯಾದರೆ ಅದರ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಅಂತ ಎಲೆಕ್ಟ್ರಾನಿಕ್ಸ್ ಕೆಲಸದವರಿಗೆಲ್ಲ ಒಂದು ಕೈಲೆಕ್ಕ ಇದೆ. ಕಳಪೆ ಬಲ್ಬಿನಲ್ಲಿ ಬಿಸಿ ಎಳೆಯುವ ಅಲ್ಯೂಮಿನಿಯಂ ತೆಳ್ಳಗೆ, ಕೆಪಾಸಿಟರ್ ಅಗ್ಗದ್ದು, ಕೆಲವದರಲ್ಲಿ ಡ್ರೈವರ್ ಅನ್ನುವುದು ಎಲ್‌ಇಡಿ ಬಿಲ್ಲೆಯ ಮೇಲೆಯೇ ಅಂಟಿಸಿದ ಒಂದು ಚಿಪ್ ಅಷ್ಟೆ. 25,000 ಗಂಟೆ ಅನ್ನುವುದು ಎಲ್‌ಇಡಿಯ ಬೆಳಕು ನೂರಕ್ಕೆ ಎಪ್ಪತ್ತಕ್ಕೆ ಇಳಿಯುವವರೆಗಿನ ಲೆಕ್ಕ. ಡ್ರೈವರ್ ಎಷ್ಟು ದಿನ ಬಾಳುತ್ತದೆ ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಡಬ್ಬದ ಮೇಲಿನ ಅಂಕಿಗಿಂತ ಗ್ಯಾರಂಟಿ ಎಷ್ಟು ವರ್ಷ ಅನ್ನುವುದನ್ನೇ ನಂಬುವುದು ಒಳ್ಳೆಯದು.

ಹಾಗಾಗಿ ಬಾತ್‌ರೂಮಿನ ಗಾಜಿನ ಮುಚ್ಚಿದ ಗುಂಡು ಲ್ಯಾಂಪಿನ ಒಳಗೆ ಎಲ್‌ಇಡಿ ಬಲ್ಬು ಹಾಕಿದರೆ ಬೇಗ ಹೋಗುತ್ತದೆ. ಗಾಳಿ ಆಡುವುದಿಲ್ಲ, ಅದು ತನ್ನ ಬಿಸಿಯಲ್ಲೇ ಬೇಯುತ್ತದೆ. ಅಂಥ ಕಡೆ ಕಡಿಮೆ ವ್ಯಾಟಿನದು ಹಾಕಿ, ಇಲ್ಲದಿದ್ದರೆ ಮುಚ್ಚಳ ತೆಗೆದುಬಿಡಿ. ಬಾತ್‌ರೂಮಿಗೆ ಸಿಎಫ್‌ಎಲ್ ಅಂತೂ ಆಗಿ ಬರುತ್ತಲೇ ಇರಲಿಲ್ಲ. ಪದೇ ಪದೇ ಹಾಕಿ ಆರಿಸಿದರೆ ಅದರ ಆಯಸ್ಸು ಕಡಿಮೆ, ಪೂರ್ತಿ ಬೆಳಕು ಬರುವಷ್ಟರಲ್ಲಿ ನಾವು ಹೊರಗೆ ಬಂದಿರುತ್ತಿದ್ದೆವು. ಆ ಜಾಗಕ್ಕೆ ಎಲ್‌ಇಡಿಯೇ ಸರಿ.

ಅಂಗಡಿಯಲ್ಲಿ ಏನು ನೋಡಬೇಕು? ಡಬ್ಬದ ಮೇಲೆ ಲ್ಯೂಮೆನ್ ಬರೆದಿರಬೇಕು, ಅದನ್ನು ವ್ಯಾಟ್‌ನಿಂದ ಭಾಗಿಸಿ, 100ಕ್ಕೆ ಕಡಿಮೆ ಇಲ್ಲದಿದ್ದರೆ ಒಳ್ಳೆಯದು. ಫ್ರಿಜ್ಜಿನ ಮೇಲೆ ಇರುವಂಥ ಸ್ಟಾರ್ ಗುರುತು ಎಲ್‌ಇಡಿ ಬಲ್ಬಿಗೂ 2018ರಿಂದ ಕಡ್ಡಾಯ. ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತಿನ ಜೊತೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಅದಿಲ್ಲದ ಬಲ್ಬು ಎಷ್ಟೇ ಅಗ್ಗ ಇದ್ದರೂ ಬೇಡ, ಅದರೊಳಗಿನ ತಂತಿ ಮುಚ್ಚಿದ್ದಾರೋ ಇಲ್ಲವೋ ಅನ್ನುವುದೂ ಯಾರೂ ಪರೀಕ್ಷೆ ಮಾಡಿರುವುದಿಲ್ಲ, ಬಲ್ಬು ಬದಲಿಸುವಾಗ ಕೈ ಹಾಕುವುದು ನಾವೇ ಅಲ್ವಾ. ಬಿಲ್ ಕೇಳಿ ತೆಗೆದುಕೊಳ್ಳಿ. ಬಿಲ್ ಇಲ್ಲದ ಗ್ಯಾರಂಟಿ ಬಾಯಿಮಾತಿನ ಗ್ಯಾರಂಟಿ. ನಾನು ಬಲ್ಬಿನ ಕುತ್ತಿಗೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ತಂದ ತಾರೀಖು ಬರೆದಿಡುತ್ತೇನೆ. ಹೋದಾಗ "ಇದು ಯಾವಾಗ ತಂದಿದ್ದು" ಅಂತ ಮನೆಮಂದಿಯೆಲ್ಲ ಯೋಚಿಸುವುದು ತಪ್ಪುತ್ತದೆ.

ಬಣ್ಣದ ವಿಷಯ ಸ್ವಲ್ಪ ಉದ್ದ ಹೇಳಬೇಕು. ನಮ್ಮಲ್ಲಿ ಬಲ್ಬು ಅಂದರೆ ಹಾಲಿನ ಹಾಗೆ ಬಿಳಿ ಇರಬೇಕು ಅನ್ನುವ ರೂಢಿ ಬಂದುಬಿಟ್ಟಿದೆ. ಡಬ್ಬದ ಮೇಲೆ 6500 ಕೆ ಅಂತ ಇರುತ್ತದೆ (ಕೆ ಅಂದರೆ ಕೆಲ್ವಿನ್, ಬೆಳಕಿನ ಬಣ್ಣದ ಅಳತೆ), ಅದು ಆ ನೀಲಿ ಛಾಯೆಯ ಬಿಳಿ. 2700 ಅಥವಾ 3000 ಅಂದರೆ ಹಳೆಯ ಬುರುಡೆ ಬಲ್ಬಿನ ಹಳದಿ. ಮಧ್ಯೆ 4000 ಸಿಗುತ್ತದೆ, ಕೇಳಿದರೆ ತರಿಸಿಕೊಡುತ್ತಾರೆ. ನಮಗೆ ಈ ಬಿಳಿ ಎಲ್‌ಇಡಿ ಸಿಕ್ಕಿದ್ದೇ ನೀಲಿ ಎಲ್‌ಇಡಿಯಿಂದ. ನೀಲಿ ಬೆಳಕಿನ ಚಿಪ್‌ನ ಮೇಲೆ ಹಳದಿ ಪುಡಿ ಲೇಪಿಸಿದಾಗ ಎರಡೂ ಬೆರೆತು ಬಿಳಿ ಕಾಣುತ್ತದೆ. ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು, ನೀಲಿಗೆ ಮೂವತ್ತು ವರ್ಷ ಹಿಡಿಯಿತು. ಅದನ್ನು ಸಾಧಿಸಿದ ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶೂಜಿ ನಕಾಮುರ ಮೂವರಿಗೆ 2014ರಲ್ಲಿ ನೊಬೆಲ್ ಬಂತು. ನೀಲಿ ಪಾಲು ಜಾಸ್ತಿ ಇರುವ ಬೆಳಕು ರಾತ್ರಿ ಹೊತ್ತು ನಿದ್ದೆಯನ್ನು ದೂರ ಮಾಡುತ್ತದೆ. ಮಲಗುವ ಕೋಣೆಗೆ 6500 ಹಾಕಬೇಡಿ. ಓದುವ ಮಕ್ಕಳ ಮೇಜಿಗೆ 4000 ಚೆನ್ನ.

ಮಿಣುಕನ್ನೂ ನೋಡಿ. ಅಂಗಡಿಯಲ್ಲಿ ಬಲ್ಬು ಹಚ್ಚಿಸಿ, ಫೋನಿನ ಕ್ಯಾಮೆರಾ ಹತ್ತಿರ ಹಿಡಿಯಿರಿ. ಪರದೆಯ ಮೇಲೆ ಕಪ್ಪು ಪಟ್ಟೆಗಳು ಹರಿದಾಡಿದರೆ ಆ ಬಲ್ಬು ಸೆಕೆಂಡಿಗೆ ನೂರು ಸಲ ಏರಿಳಿಯುತ್ತಿದೆ ಅಂತ. ಕಣ್ಣಿಗೆ ನೇರವಾಗಿ ಕಾಣುವುದಿಲ್ಲ, ಆದರೆ ಅದರ ಕೆಳಗೆ ಎರಡು ಗಂಟೆ ಓದಿದರೆ ಕೆಲವರಿಗೆ ತಲೆ ಹಿಡಿದುಕೊಳ್ಳುತ್ತದೆ.

ಸ್ವಿಚ್ ಆಫ್ ಮಾಡಿದ ಮೇಲೂ ಎಲ್‌ಇಡಿ ಮಸುಕಾಗಿ ಉರಿಯುತ್ತಲೇ ಇದ್ದರೆ ಸುಮ್ನೆ ಬಿಡಬೇಡಿ. ಸ್ವಿಚ್ಚಿನಲ್ಲಿ ಕೆಂಪು ಇಂಡಿಕೇಟರ್ ಇದ್ದರೆ ಅದರ ಮೂಲಕ ಒಂದು ಎಳೆ ಕರೆಂಟು ಬರುತ್ತಿರಬಹುದು, ಅದು ಪರವಾಗಿಲ್ಲ. ಆದರೆ ಕೆಲವು ಕಡೆ ಸ್ವಿಚ್ಚನ್ನು ಕರೆಂಟು ತರುವ ಫೇಸ್ ತಂತಿಗೆ ಕೊಡುವ ಬದಲು ವಾಪಸ್ ಹೋಗುವ ನ್ಯೂಟ್ರಲ್ ತಂತಿಗೆ ಕೊಟ್ಟಿರುತ್ತಾರೆ. ಹಾಗಿದ್ದರೆ ಸ್ವಿಚ್ ಆಫ್ ಮಾಡಿದರೂ ಹೋಲ್ಡರಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಬುರುಡೆ ಬಲ್ಬು ಇದ್ದಾಗ ಇದು ಗೊತ್ತೇ ಆಗುತ್ತಿರಲಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ತೋರಿಸಿ.

ಈಗ ಒಂದು ಪ್ರಶ್ನೆ ಬರುತ್ತದೆ, ಚಿಕ್ಕಮ್ಮನೇ ಕೇಳಿದ್ದು. "ಗೃಹಜ್ಯೋತಿಲಿ ಬಿಲ್ಲೇ ಬರಲ್ಲ, ಉಳ್ಸಿ ಏನ್ ಮಾಡ್ಲೋ?" ನ್ಯಾಯವಾದ ಪ್ರಶ್ನೆ. 2023ರ ಜುಲೈನಿಂದ ರಾಜ್ಯದಲ್ಲಿ ಗೃಹಜ್ಯೋತಿ ಇದೆ, 200 ಯೂನಿಟ್‌ವರೆಗೆ ಉಚಿತ ಅಂತ ಎಲ್ಲರಿಗೂ ಗೊತ್ತು. ಆದರೆ ಎಲ್ಲರಿಗೂ 200 ಸಿಗುವುದಿಲ್ಲ. ತೀರಾ ಕಡಿಮೆ ಬಳಸುವವರನ್ನು ಬಿಟ್ಟರೆ, 2022–23ರಲ್ಲಿ ನೀವು ಬಳಸಿದ ಸರಾಸರಿಯ ಮೇಲೆ ನೂರಕ್ಕೆ ಹತ್ತು ಸೇರಿಸಿ ನಿಮ್ಮ ಮಿತಿ ಕಟ್ಟಿದ್ದಾರೆ. ಆಗ ಸರಾಸರಿ 100 ಯೂನಿಟ್ ಇದ್ದವರಿಗೆ ಈಗ ಉಚಿತ 110. ಅದನ್ನು ದಾಟಿದ್ದಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು. ಬೇಸಿಗೆಯಲ್ಲಿ ಫ್ಯಾನ್ ಜಾಸ್ತಿ ಓಡುತ್ತದೆ, ಮಕ್ಕಳು ಮೊಮ್ಮಕ್ಕಳು ಬಂದಿರುತ್ತಾರೆ, ಆ ಹತ್ತು ಯೂನಿಟ್ ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಹಳೆಯ ಚೋಕಿನ ಎರಡು ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದರೆ ತಿಂಗಳಿಗೆ ಉಳಿಯುವುದು ಸರಿಸುಮಾರು ಹತ್ತು ಯೂನಿಟ್. ಮಿತಿಯ ಅಂಚಿನಲ್ಲಿರುವ ಮನೆಗೆ ಅದು ದೊಡ್ಡದು.

ಇದಕ್ಕೆ ತಿರುಗಾಮುರುಗಾ ಇನ್ನೊಂದು ನಡೆಯುತ್ತಿದೆ. ಹೊಸ ಮನೆಗಳಲ್ಲಿ ಫಾಲ್ಸ್ ಸೀಲಿಂಗ್ ಮಾಡಿಸಿ ಹಾಲ್ ಒಂದರಲ್ಲೇ ಇಪ್ಪತ್ತು ಇಪ್ಪತ್ನಾಲ್ಕು ಎಲ್‌ಇಡಿ ಕೂರಿಸುತ್ತಾರೆ. ತಲಾ 12 ವ್ಯಾಟ್ ಅಂದರೆ 24ಕ್ಕೆ 288 ವ್ಯಾಟ್. ಸುತ್ತ ಅಂಚಿಗೆ ಸ್ಟ್ರಿಪ್ ಲೈಟು ಹದಿನೈದು ಮೀಟರ್, ಮೀಟರಿಗೆ 10 ವ್ಯಾಟ್ ಹಿಡಿದರೆ ಮತ್ತೆ 150. ಒಟ್ಟು 438 ವ್ಯಾಟ್. ಮೊದಲು ಅದೇ ಹಾಲ್‌ಗೆ ಎರಡು ಟ್ಯೂಬ್‌ಲೈಟ್ ಸಾಕಾಗಿತ್ತು, ಚೋಕ್ ಸೇರಿ 104 ವ್ಯಾಟ್. ಎಲ್‌ಇಡಿ ಹಾಕಿಸಿಯೂ ಬಿಲ್ಲು ನಾಲ್ಕು ಪಟ್ಟು. ನನಗೆ ಇದನ್ನು ನೋಡಿದರೆ ನಿಜಕ್ಕೂ ಬೇಜಾರಾಗುತ್ತದೆ. ಹಾಕಿಸಲೇಬೇಕು ಅಂದರೆ ಸ್ವಿಚ್‌ಗಳನ್ನಾದರೂ ಬೇರೆ ಬೇರೆ ಮಾಡಿಸಿ, ನಾಲ್ಕು ಲೈಟು ಬೇಕಾದಾಗ ನಾಲ್ಕೇ ಹತ್ತಲಿ.

ಎಲ್‌ಇಡಿಗೆ ಆಗದ ಕೆಲಸಗಳೂ ಇವೆ. ಕೋಳಿಮರಿ ಸಾಕುವವರು ಮರಿಗಳಿಗೆ ಕಾವು ಕೊಡುವುದಕ್ಕೆ ಗೂಡಿನೊಳಗೆ ಬುರುಡೆ ಬಲ್ಬು ಇಳಿಬಿಡುತ್ತಾರೆ. ಅಲ್ಲಿ ಬೇಕಾಗಿರುವುದೇ ಬಿಸಿ, ಬೆಳಕು ಜೊತೆಗೆ ಬಂದದ್ದು. ಅಲ್ಲಿ ಎಲ್‌ಇಡಿ ಹಾಕಿದರೆ ಮರಿಗಳು ಚಳಿಗೆ ಸಾಯುತ್ತವೆ.

ಮೈಸೂರು ಅರಮನೆಯದ್ದು ಇನ್ನೊಂದು ಥರದ ಕಥೆ. ಭಾನುವಾರ ಸಂಜೆ, ದಸರಾ ದಿನಗಳಲ್ಲಿ ಅಲ್ಲಿ ಒಂದೇ ಕ್ಷಣಕ್ಕೆ ಹತ್ತುವ ಬಲ್ಬುಗಳು 97,000ದಷ್ಟು. ಬಹುಕಾಲದಿಂದ ಅಲ್ಲಿ ಉರಿದದ್ದು ಪುಟ್ಟ ಬುರುಡೆ ಬಲ್ಬುಗಳೇ. ಒಂದಕ್ಕೆ 15 ವ್ಯಾಟ್ ಅಂತ ಹಿಡಿದರೆ, ಗಂಟೆಗೆ 1,450 ಯೂನಿಟ್ ಆಗುತ್ತದೆ. ಅದೇ ಜಾಗಕ್ಕೆ ಒಂದು ವ್ಯಾಟಿನ ಎಲ್‌ಇಡಿ ಹಾಕಿದರೆ 100 ಯೂನಿಟ್ ಸಾಕು. ಲೆಕ್ಕ ನೋಡಿದರೆ ಬದಲಿಸಬೇಕು. ಆದರೆ ಆ ಬಲ್ಬುಗಳು ಹತ್ತುವಾಗ ಮೊದಲು ಕೆಂಪಗಾಗಿ, ಆಮೇಲೆ ಬಂಗಾರದ ಬಣ್ಣಕ್ಕೆ ಬರುವುದನ್ನು ಎದುರಿಗೆ ನಿಂತು ನೋಡಿದವರು ಅಷ್ಟು ಸುಲಭವಾಗಿ ಬದಲಿಸಿ ಅನ್ನಲಾರರು. ದಸರಾ ಬಿಟ್ಟರೆ ವಾರಕ್ಕೆ ಸ್ವಲ್ಪ ಹೊತ್ತು ಮಾತ್ರ ಉರಿಯುವ ದೀಪ ಅದು. ಲೆಕ್ಕ ಹಿಡಿಯಬೇಕಾದ್ದು ವರ್ಷವಿಡೀ ರಾತ್ರಿ ಪೂರ್ತಿ ಉರಿಯುವ ಬೀದಿದೀಪಗಳ ಕಡೆ.

ಬೀದಿದೀಪದಲ್ಲಿ ಎಲ್‌ಇಡಿಯ ಎದುರಾಳಿ ಹಳದಿ ಸೋಡಿಯಂ ದೀಪ. ಅದೇನೂ ದಂಡ ಅಲ್ಲ, ವ್ಯಾಟಿಗೆ 100 ಲ್ಯೂಮೆನ್ ಅದೂ ಕೊಡುತ್ತದೆ. ಆದರೆ ಸುತ್ತ ಚೆಲ್ಲುತ್ತದೆ, ಅದರ ಕೆಳಗೆ ಕೆಂಪು ಕಾರೂ ಕಂದು ಕಾರೂ ಒಂದೇ ಥರ ಕಾಣುತ್ತದೆ. ಎಲ್‌ಇಡಿ ಬೆಳಕನ್ನು ರಸ್ತೆಗೆ ಮಾತ್ರ ಬೀಳಿಸಬಹುದು, ನಡುರಾತ್ರಿ ಅರ್ಧಕ್ಕೆ ಇಳಿಸಬಹುದು. ಆದರೆ ಕಣ್ಣು ಕುಕ್ಕುವ ಬಿಳಿ ಬೇಡ, ಅಲ್ಲಿಯೂ 3000 ಸಾಕು. ಹುಳುಗಳೂ ಕಡಿಮೆ ಮುತ್ತುತ್ತವೆ.

ಕರೆಂಟು ಸರಿಯಾಗಿ ಬಾರದ ಊರಿಗೆ ಎಲ್‌ಇಡಿ ಮಾಡಿದ ಉಪಕಾರ ದೊಡ್ಡದು. ಟ್ಯೂಬ್‌ಲೈಟ್ ವೋಲ್ಟೇಜ್ ಇಳಿದರೆ ಹತ್ತುತ್ತಲೇ ಇರಲಿಲ್ಲ, ಪಂಪ್‌ಸೆಟ್ ಶುರುವಾದರೆ ಮನೆಯೆಲ್ಲ ಮಿಣಮಿಣ. ಒಳ್ಳೆಯ ಡ್ರೈವರ್ ಇರುವ ಎಲ್‌ಇಡಿ 150 ವೋಲ್ಟಿಗೂ ಉರಿಯುತ್ತದೆ. ಸೋಲಾರ್ ದೀಪದಲ್ಲಿ ಇದರ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ 1995ರಲ್ಲಿ ಶುರುವಾದ ಸೆಲ್ಕೋ ಕಂಪನಿ ಬ್ಯಾಂಕ್ ಸಾಲದ ಮೇಲೆ ಬಡವರ ಮನೆಗೆ ಸೋಲಾರ್ ದೀಪ ತಲುಪಿಸಿದ್ದಕ್ಕೆ, ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ದೀಪ ತಿನ್ನುವ ವ್ಯಾಟ್ ಇಳಿದಷ್ಟೂ ಪ್ಯಾನೆಲ್ ಚಿಕ್ಕದು, ಬ್ಯಾಟರಿ ಚಿಕ್ಕದು, ಸಾಲವೂ ಚಿಕ್ಕದು.

ಹೋದ ಬಲ್ಬುಗಳನ್ನು ಏನು ಮಾಡುವುದು? ಸಿಎಫ್‌ಎಲ್ ಒಂದರಲ್ಲಿ ಇರುವುದು ನಾಲ್ಕೈದು ಮಿಲಿಗ್ರಾಂ ಪಾದರಸ, ಹಳೆಯ ಜ್ವರದ ಥರ್ಮಾಮೀಟರಿನಲ್ಲಿ ಇದ್ದದ್ದರ ನೂರನೇ ಒಂದು ಪಾಲು. ಒಡೆದರೆ ಗಾಬರಿ ಬೇಡ. ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆಗೆದು ಹತ್ತು ಹದಿನೈದು ನಿಮಿಷ ಬಿಡಿ, ಪೊರಕೆ ಹಾಕಬೇಡಿ, ರಟ್ಟಿನಿಂದ ಎತ್ತಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಡಬ್ಬಕ್ಕೆ ಹಾಕಿ ಮುಚ್ಚಿ. ಟ್ಯೂಬ್, ಸಿಎಫ್‌ಎಲ್ ಎರಡೂ ಇ-ತ್ಯಾಜ್ಯದ ಲೆಕ್ಕ, ಹಸಿಕಸ ಒಣಕಸದ ಜೊತೆ ಕೊಡಬಾರದು. ಎಲ್‌ಇಡಿಯಲ್ಲಿ ಪಾದರಸ ಇಲ್ಲ, ಆದರೆ ಸರ್ಕ್ಯೂಟು, ಅಲ್ಯೂಮಿನಿಯಂ ಇದೆ. ಹನ್ನೊಂದು ತಿಂಗಳಿಗೊಂದು ಬಲ್ಬು ಕಸಕ್ಕೆ ಹೋದರೆ ಉಳಿಸಿದ್ದು ಏನು? ಪೇಟೆಯಲ್ಲಿ ಮಿಕ್ಸಿ, ಟಿವಿ ರಿಪೇರಿ ಮಾಡುವವರಲ್ಲಿ ಕೆಲವರು ಎಲ್‌ಇಡಿ ಡ್ರೈವರ್ ಬದಲಿಸಿ ಕೊಡುತ್ತಾರೆ, ಒಮ್ಮೆ ಕೇಳಿ ನೋಡಿ.

ಎಲ್ಲಕ್ಕಿಂತ ಕಡಿಮೆ ಖರ್ಚಿನ ದೀಪ ನಮ್ಮ ಹಳೆಯ ಮನೆಗಳಲ್ಲಿ ಇತ್ತು. ಹೆಂಚಿನ ಮಾಡಿನ ನಡುವೆ ಒಂದು ಗಾಜಿನ ಹೆಂಚು. ಒಲೆಯ ಮೇಲೆ, ಬಚ್ಚಲ ಮೇಲೆ ಒಂದೊಂದು. ಬೆಳಗ್ಗೆಯಿಂದ ಸಂಜೆವರೆಗೆ ಅಲ್ಲಿಂದ ಬೆಳಕಿನ ಕೋಲು ಇಳಿಯುತ್ತಿತ್ತು. ಈಗ ಆರ್‌ಸಿಸಿ ಹಾಕಿಸುವಾಗ ಒಂದು ಗವಾಕ್ಷಿ ಬಿಡಿ ಅಂದರೆ ಮೇಸ್ತ್ರಿ "ಸೋರುತ್ತೆ ಸಾರ್" ಅನ್ನುತ್ತಾರೆ. ಹಗಲು ಹನ್ನೆರಡು ಗಂಟೆಗೆ ಲೈಟು ಹಾಕಿಕೊಂಡು ಅಡುಗೆ ಮಾಡುವ ಮನೆಗೆ ಐದು ಸ್ಟಾರಿನ ಎಲ್‌ಇಡಿ ತಂದರೂ ಅರ್ಧ ಪರಿಹಾರವೇ.

ಚಿಕ್ಕಮ್ಮನ ಅಡುಗೆಮನೆಗೆ ಕೊನೆಗೆ 20 ವ್ಯಾಟಿನ, 2,000 ಲ್ಯೂಮೆನ್ನಿನ, 4000ದ ಬಣ್ಣದ, ಎರಡು ವರ್ಷ ಗ್ಯಾರಂಟಿಯ ಎಲ್‌ಇಡಿ ಟ್ಯೂಬ್ ತಂದೆ. ₹330 ಆಯಿತು. ಅಂಗಡಿಯವರು 4000ದ್ದು ಹುಡುಕಿ ಕೊಡಲು ಮೇಲಿನ ಅಟ್ಟ ಹತ್ತಬೇಕಾಯಿತು, ಪಾಪ. ಹಳೆಯ ಪಟ್ಟಿ, ಚೋಕ್, ಸ್ಟಾರ್ಟರ್ ಮೂರೂ ತೆಗೆಸಿ, ಎಲೆಕ್ಟ್ರಿಷಿಯನ್ ಹತ್ತಿರ ನೇರ ಕನೆಕ್ಷನ್ ಕೊಡಿಸಿದೆ. ಪಕ್ಕದಲ್ಲಿ ತಾರೀಖು ಬರೆದೆ. ಚಿಕ್ಕಮ್ಮ ಏನೂ ಹೇಳಲಿಲ್ಲ. ಮೊರದಲ್ಲಿ ಅಕ್ಕಿ ಹಾಕಿಕೊಂಡು ದೀಪದ ಕೆಳಗೆ ಕೂತು, ಎರಡು ಕಲ್ಲು, ಒಂದು ನೆಲ್ಲು ಆರಿಸಿ ನನ್ನ ಅಂಗೈಗೆ ಹಾಕಿ, "ಕಾಣುತ್ತೆ ಕಣೋ" ಅಂದರು.